ಮಲ್ಲಯ್ಯನ ಬಾಗಿಲಿಗೆ ಬೇವಿನ ಸೊಪ್ಪು

ಗಾದಿಲಿಂಗಮ್ಮ ಉಪ್ಪಿನ ಗಡಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಬೆನ್ನಿಗೆ ಕಂಬಳಿ ಒರಗಿಸಿಕೊಂಡು ಕೂತಿದ್ದ ಗಂಡ ಮಲ್ಲಯ್ಯ, ಗಂಡನ ಮನೆಗೆ ಹೊರಟ ಮಗಳನ್ನು ನೋಡುವಂತೆ ಆ ಗಡಿಗೆಯನ್ನೇ ನೋಡಿದ.

ಗುಂಡಿಗೆ ವೀಕಾಗಿದೆ ಎಂದು ಆದೋನಿಯ ಡಾಕ್ಟರು ತೆಲುಗಿನಲ್ಲಿ ಹೇಳಿದ್ದರು. ಉಪ್ಪು ಬಿಡಬೇಕು, ಮಾತು ಕಡಿಮೆ ಮಾಡಬೇಕು, ಮಲಗಿದರೂ ಒರಗಿಯೇ ಮಲಗಬೇಕು. ಕುರಿಗಳ ಹಿಂದೆ ಹೊಳಗುಂದದ ಸುತ್ತೆಲ್ಲ ತಿರುಗಿದ ಕಾಲು ಈಗ ಬಾತುಕೊಂಡು, ಬಚ್ಚಲಿಗೆ ಹೋಗಿ ಬರುವುದರಲ್ಲೇ ಏದುಸಿರು.

"ಗುಳಿಗಿ ತರಾಕ ಆದೋನಿಗೆ ಹೋಗಿ ಸಂಜಿ ಬಸ್ಸಿಗೆ ಬರ್ತೀನಿ. ಯಾರ್ ಬಂದ್ರೂ ಮಾತಿಗಿ ಇಳೀಬ್ಯಾಡ್ರಿ. ಒಂದೀಟು ನಿದ್ದಿ ಮಾಡ್ರಿ," ಎಂದು ಹೇಳಿ ಹೋದಳು.

ಅವಳು ಓಣಿ ದಾಟುವುದೇ ತಡ, ಪಕ್ಕದ ಮನೆಯ ಬಸವಕ್ಕ ರೊಟ್ಟಿ, ಉಪ್ಪಿನಕಾಯಿ ಹಿಡಿದು ಬಂದಳು. ಬೇನೆ ಬಿದ್ದವರ ಮನೆಗೆ ಬರಿಗೈಲಿ ಹೋಗುವ ವಾಡಿಕೆ ಆ ಓಣಿಯಲ್ಲಿಲ್ಲ. ತಂದದ್ದನ್ನು ತಿನ್ನದೆ ವಾಪಸು ಕಳಿಸುವ ವಾಡಿಕೆಯೂ ಇಲ್ಲ.

"ಉಪ್ಪು ಬ್ಯಾಡ ಅಂದಾರ, ಬಸವಕ್ಕ."

"ಉಪ್ಪು ತಿನ್ನದ ಮನಷ್ಯಾ ಎದ್ದು ಕುಂದ್ರತಾನೇನು? ಸುಮ್ನ ತಿನ್ನಪ, ನಾ ಏನ್ ವಿಷ ಹಾಕೀನಾ?"

ತಿಂದ. ಅಷ್ಟರಲ್ಲಿ ಎದುರುಮನೆಯ ಮರಿಬಸಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು, ಸಂತೆಯಲ್ಲಿ ಟಗರು ಹಿಚುಕಿ ನೋಡುವಂತೆ ಅವನ ಕಾಲು ಹಿಚುಕಿದ.

"ನಮ್ಮ ಮಾವಗೂ ಹಿಂಗ ಬಾತಿದ್ವು."

"ಆರಾಮಾದ್ನಾ?"

"ತಿಥಿ ಭಾಳ ಚೊಲೊ ಮಾಡಿದ್ವಿ."

ಮಧ್ಯಾಹ್ನಕ್ಕೆ ಮನೆ ತುಂಬ ಜನ; ಮಲ್ಲಯ್ಯನ ಉಸಿರಿಗೇ ಜಾಗವಿಲ್ಲ. ಎಲ್ಲರೂ ಅಂತಃಕರಣದಿಂದ ಬಂದವರು. ಹೋಗ್ರಿ ಅನ್ನಲು ಬಾಯಿ ಬರಲಿಲ್ಲ. ಅವರು ಊಟಕ್ಕೆಂದು ಎದ್ದ ಮೇಲೆ, ಗೋಡೆ ಹಿಡಿದು ಹೊರಗೆ ಬಂದು, ಬೇವಿನ ಗಿಡದ ಟೊಂಗೆಯೊಂದನ್ನು ಮುರಿದು ಬಾಗಿಲ ಮೇಲೆ ಸಿಕ್ಕಿಸಿ, ಒಳಗೆ ಬಂದು ಕಂಬಳಿಗೆ ಒರಗಿದ. ಬೇವು ಕಟ್ಟಿದ ಮನೆಯಲ್ಲಿ ಯಾರಿಗೋ ಮೈಮೇಲೆ ಗುಳ್ಳೆ ಎದ್ದು, ಅಮ್ಮ ಬಂದಿದ್ದಾಳೆಂದು ಅರ್ಥ. ಅಂಥ ಮನೆಯ ಹೊಸ್ತಿಲನ್ನು ಹೊರಗಿನವರು ತುಳಿಯುವುದಿಲ್ಲ.

"ಮುಂಜಾನಿ ಒಂದೂ ಗುಳ್ಳಿ ಇದ್ದಿಲ್ಲಲ್ಲೋ!" ಊಟ ಮುಗಿಸಿ ಬಂದ ಬಸವಕ್ಕನ ದನಿ ಹೊರಗೆ ಕೇಳಿಸಿತು.

"ತಾಯಿಗಿ ಬರಾಕ ಎಷ್ಟೊತ್ತು ಬೇಕವಾ?" ಎಂದ ಮರಿಬಸಪ್ಪ. ಇಬ್ಬರೂ ಗಲ್ಲ ಬಡಿದುಕೊಂಡು ಹಿಂದೆ ಸರಿದರು.

ಎಷ್ಟೋ ದಿನಗಳ ಮೇಲೆ ಮಲ್ಲಯ್ಯನಿಗೆ ಹಾಯಾಗಿ ನಿದ್ದೆ ಹತ್ತಿತು.

ಎಚ್ಚರಾದಾಗ ಸಂಜೆ. ಬಸ್ಸಿನ ಸದ್ದು ಇನ್ನೂ ಇಲ್ಲ. ನಿದ್ದೆಯಲ್ಲಿ ಕಂಬಳಿ ಜಾರಿ ಅಂಗಾತ ಬಿದ್ದಿದ್ದ. ಎದೆಯ ಮೇಲೆ ಜೋಳದ ಚೀಲ ಹೇರಿದಂತಿತ್ತು. ಏಳಲು ಕೈಯಲ್ಲಿ ಕಸುವಿಲ್ಲ. ಹೊರಗೆ ಕಟ್ಟೆಯ ಮೇಲೆ ಜನರ ಮಾತು ಕೇಳಿಸುತ್ತಿತ್ತು.

"ಬಸವಕ್ಕಾ... ಒಳಗ ಬಾ..."

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.

"ಕೇಳಿದ್ಯಾ? ಅಮ್ಮವಾರು ಮಲ್ಲಯ್ಯನ ಮೈದುಂಬ್ಯಾಳ!" ಮರಿಬಸಪ್ಪ ಪಿಸುಗುಟ್ಟಿದ. "ನಿನ್ನ ಹೆಸರು ಹಿಡಿದು ಕರಿಯಾಕತ್ಯಾಳ."

"ತಪ್ಪಾತು ತಾಯಿ!" ಬಸವಕ್ಕ ಹೊರಗಿಂದಲೇ ಅಡ್ಡಬಿದ್ದಳು. "ಹ್ವಾದ ವರ್ಷ ಮೊಸರನ್ನದ ಹರಕಿ ಮರತೆ. ಮಂಗಳವಾರ ತಪ್ಪದ ಮುಟ್ಟಸ್ತೀನಿ."

"ನಾನ... ಮಲ್ಲಯ್ಯ..."

"ಯಾರ ಮೈಯಾಗ ಅದಾಳಂತ ತಾನ ಹೇಳಾಕತ್ಯಾಳ ನೋಡು!"

ಹೊಸ್ತಿಲಿಗೆ ಅರಿಷಿಣದ ನೀರು ಬಿತ್ತು. ಓಣಿಗೆ ಓಣಿಯೇ ಕೈಮುಗಿದು ನಿಂತಿತು.

"ಒಂದೀಟು ಎತ್ತಿ ಕುಂದ್ರಸ್ರಿ," ಎಂದ ಮಲ್ಲಯ್ಯ.

"ಗುಡಿ ಕಟ್ಟಿ ಕುಂದ್ರಸ್ತೀವಿ ತಾಯಿ!" ಎಂದ ಮರಿಬಸಪ್ಪ ಹೊಸ್ತಿಲಾಚೆಯಿಂದಲೇ.