ನಾಯಕಿಯ ಗೆಳತಿ ಎಲ್ಲಿ ಹೋದಳು?

ನಮ್ಮ ಸೋದರತ್ತೆಯಷ್ಟು ಸಿನಿಮಾ ನೋಡಿದವರು ಹಿರಿಯೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಅವಳಷ್ಟು ತಪ್ಪಾಗಿ ನೋಡಿದವರಂತೂ ಇಡೀ ಜಿಲ್ಲೆಯಲ್ಲೇ ಇರಲಿಲ್ಲ! ನಾಯಕ ಬೆಟ್ಟದಿಂದ ಉರುಳಿ ಬಿದ್ದಾಗ ಸಿನಿಮಾ ಟೆಂಟಿನಲ್ಲಿದ್ದ ಹೆಂಗಸರೆಲ್ಲ ಸೆರಗು ಕಚ್ಚಿ ಅಳುತ್ತಿದ್ದರೆ, ಈಕೆ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಕೊನೆಗೆ ತಾಳಿ ಕಟ್ಟಿ, ಎಲ್ಲರೂ ಕಣ್ಣೊರೆಸಿಕೊಂಡು ನಗುವ ಹೊತ್ತಿಗೆ ಇವಳ ಅಳು ಶುರು!

ಕಾರಣ, ನಾಯಕಿಯ ಗೆಳತಿ. ಎಪ್ಪತ್ತರ ದಶಕದ ಆ ಚಿತ್ರಗಳಲ್ಲಿ ನಾಯಕಿಗೊಬ್ಬಳು ಗೆಳತಿ ಇದ್ದೇ ಇರುತ್ತಿದ್ದಳು. ಇಬ್ಬರೂ ಕೈ ಹಿಡಿದು ತೋಟ ಸುತ್ತುತ್ತಾರೆ, ಒಬ್ಬರ ಜಡೆಗೊಬ್ಬರು ಹೂ ಮುಡಿಸುತ್ತಾರೆ. ನಾಯಕ ಬಂದ, ಗೆಳತಿ ಮಾಯ! ಅತ್ತೆ ಒಮ್ಮೆ ಟೆಂಟಿನ ಮಾಲೀಕರನ್ನೇ ಅಡ್ಡಗಟ್ಟಿದಳು.

"ಆ ಹುಡುಗಿ ಏನಾದ್ಲು? ರೀಲು ಕತ್ತರ್ಸಿದೀರೇನ್ರಿ?"

"ಇಲ್ಲ ಕಣಮ್ಮ, ಇರೋದೇ ಅಷ್ಟು. ಅವಳ ಕೆಲಸ ಮುಗೀತಲ್ಲ."

"ನಿಮ್ಗೆ ಮುಗೀತು. ಅವಳಿಗೆ ಮುಗೀತಾ?"

ಅಂದಿನಿಂದ ಇವಳನ್ನು ಕಂಡರೆ ಆ ಪುಣ್ಯಾತ್ಮರು ಮೆಷಿನ್ ರೂಮಿಗೆ ಹೋಗಿ ಕುಳಿತುಬಿಡುತ್ತಿದ್ದರು.

ಮನೆಯವರು ಸಿನಿಮಾಕ್ಕೆ ಕಳಿಸದ ಹೆಂಗಸರಿಗೆಲ್ಲ ಮರುದಿನ ನಮ್ಮ ಜಗಲಿಯ ಮೇಲೆ ಅತ್ತೆಯೇ ಕಥೆ ಹೇಳಬೇಕು. ಅವಳ ಕಥೆಯಲ್ಲಿ ನಾಯಕಿ ಹಸೆಮಣೆಯಿಂದ ಎದ್ದು, ಊಟ ಮಾಡಿಕೊಂಡು ಹೋಗೆಂದು ಮದುಮಗನಿಗೆ ಹೇಳಿ, ಗೆಳತಿಯ ಜೊತೆ ತಾಳ್ಯದ ಕಡೆ ಹೋಗಿ ಕುರಿ ಸಾಕಿಕೊಂಡಿರುತ್ತಿದ್ದಳು! ಒಮ್ಮೆ ಆ ಹೆಂಗಸರೇ ಹೇಗೋ ಬಿಡುವು ಮಾಡಿಕೊಂಡು ಸಿನಿಮಾಕ್ಕೆ ಹೋದರು. ಆಟ ಮುಗಿದರೂ ಒಬ್ಬರೂ ಏಳಲೊಲ್ಲರು. "ಕುರಿ ಎಲ್ರೀ? ಕೊನೇ ರೀಲು ಹಾಕ್ರಿ!" ಎಂದು ಗಲಾಟೆ. ಪಾಪ, ಮಾಲೀಕರು ಕುರಿ ಎಲ್ಲಿಂದ ತಂದಾರು?

ಈ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಹಿಂದಿನ ಬೀದಿಯ ಗಂಗಕ್ಕ. ಅವಳು ರವಿಕೆ ಹೊಲಿಯುತ್ತಿದ್ದಳು. ಅತ್ತೆ ನೋಡಿದ ಸಿನಿಮಾಗಳನ್ನೆಲ್ಲ ಅವಳ ಪಕ್ಕದಲ್ಲೇ ಕೂತು ನೋಡಿದ್ದಳು. ಮೂವತ್ತು ದಾಟಿದರೂ ಮದುವೆ ಒಲ್ಲೆನೆಂದ ನಮ್ಮತ್ತೆಗೆ ಮೇಲಿಂದ ಮೇಲೆ ಹೊಸ ರವಿಕೆ ಯಾಕೆ ಬೇಕಿತ್ತೆಂದು ನಾವ್ಯಾರೂ ಕೇಳಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಪ್ರೀತಿ. ಅದನ್ನು ಹಾಗೆಂದು ಕರೆಯಲು ನಮ್ಮ ಸಿನಿಮಾಗಳಿಗೂ ಧೈರ್ಯವಿರಲಿಲ್ಲ, ನಮ್ಮ ಮನೆಗೂ ಇರಲಿಲ್ಲ.

ಗಂಗಕ್ಕನ ಅಣ್ಣಂದಿರು ಹೊಸದುರ್ಗದ ಗಂಡಿಗೆ ಅವಳನ್ನು ಕೊಟ್ಟುಬಿಟ್ಟರು. ಮದುಮಗಳು ಮೊದಲ ಸಲ ಗಂಡನ ಮನೆಗೆ ಹೊರಟಾಗ ತವರಿನ ಕಡೆಯ ಒಬ್ಬ ಹೆಂಗಸು ಜೊತೆಗೆ ಹೋಗಿ, ನಾಲ್ಕು ದಿನ ಇದ್ದು ಬರಬೇಕು. ಅತ್ತೆ ತಾನೇ ಹೋಗುತ್ತೇನೆಂದು ಟ್ರಂಕು ಎತ್ತಿಕೊಂಡಳು. ನಾಲ್ಕು ದಿನಕ್ಕೆ ಟ್ರಂಕು! ತಿಂಗಳಾದರೂ ಆಸಾಮಿ ಪತ್ತೆಯಿಲ್ಲ. ವಿಚಾರಿಸಿದರೆ, "ಹುಡುಗಿ ಇನ್ನೂ ಹೊಂದ್ಕಂಡಿಲ್ಲ" ಎಂಬ ಉತ್ತರ. ಕೊನೆಗೆ ಗಂಗಕ್ಕನ ಗಂಡನೇ ನಮ್ಮಪ್ಪನಿಗೆ ಹೇಳಿಕಳಿಸಿದ: "ನಾನೇ ಇನ್ನೂ ಹೊಂದ್ಕಂಡಿಲ್ಲ. ನಿಮ್ ತಂಗೀನ ಕರ್ಕಂಡು ಹೋಗ್ರಿ. ಇನ್ನು ಇತ್ತಕಡೆ ಕಳಿಸಬ್ಯಾಡ್ರಿ."

ಪಿಯುಸಿ ಓದುತ್ತಿದ್ದ ನಾನೂ ಅಪ್ಪನ ಜೊತೆ ಹೋದೆ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ, ಗಂಗಕ್ಕ ಎದುರುಬದುರು ನಿಂತಿದ್ದರು. ಗಂಗಕ್ಕ ಅತ್ತೆಯ ರವಿಕೆಯ ತೋಳು ಹಿಡಿದು, "ಹೊಲಿಗೆ ಬಿಚ್ಚೈತೆ" ಎಂದಳು. "ಇರ್ಲಿ ಬಿಡು" ಎಂದಳು ಅತ್ತೆ. ಗಂಗಕ್ಕ ಹಿಡಿದ ತೋಳು ಮಾತ್ರ ಬಿಡಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಸ್ವಲ್ಪ ತಡವಾದರೂ ಮನೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವ ನಮ್ಮಪ್ಪ, "ಒಂದೀಟು ನಿಲ್ಸ್ರಿ, ಛತ್ರಿ ಮರ್ತು ಬಂದೀನಿ" ಎಂದು ಬಸ್ಸಿನಿಂದ ಇಳಿದು ಹೋದರು. ನಿಧಾನಕ್ಕೆ ಟೀ ಕುಡಿದು, ಬರಿಗೈಯಲ್ಲಿ ವಾಪಸು ಬಂದರು. ಅವರು ಛತ್ರಿ ತಂದೇ ಇರಲಿಲ್ಲ.

ಮಾರಿಕಣಿವೆ ಡ್ಯಾಮಿನ ಹತ್ತಿರ ಬಂದಾಗ ಅತ್ತೆ, "ಅಣ್ಣಾ, ನಿಂಗೆ ಗೊತ್ತಿತ್ತಾ?" ಎಂದಳು.

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಮಡಿಲಲ್ಲಿಟ್ಟರು.

"ಅತ್ಕಂಬಿಡು. ಊರು ಬರಾಕೆ ಇನ್ನೂ ಹೊತ್ತೈತೆ."