ಅಪ್ಪನ ಗಿರಣಿಗೆ ನನ್ನ ಆಪರೇಟಿಂಗ್ ಸಿಸ್ಟಮ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹತ್ತಿದ್ದಷ್ಟೇ ಅಲ್ಲ, ಕಲಬುರಗಿಯಲ್ಲಿ ಕಂಪ್ಯೂಟರ್ ಪದವಿ ಮುಗಿಸಿಕೊಂಡೇ ಇಳಿದೆ. ಇಂಥವನಿಗೆ ಕಮಲಾಪುರದ ನಮ್ಮ ಹಿಟ್ಟಿನ ಗಿರಣಿಯನ್ನು ಒಂದು ದಿನ ನೋಡಿಕೊಳ್ಳುವುದು ಯಾವ ಲೆಕ್ಕ!

ಅಪ್ಪ ಗಿರಣಿ ತಿರುಗಿಸುವ ಬೆಲ್ಟು, ಅಂದರೆ ಪಟ್ಟಾ, ತರಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಹೊರಟಿದ್ದ. “ಎಡಗಡಿ ಗಿರಣಿ ಹಿಟ್ಟಿಗಿ, ಬಲಗಡಿದು ಖಾರಕ್ಕ. ಡಬ್ಬಿ ಸಾಲಾಗಿ ಇಡ್ತಾರ, ಮುಂದಿಂದು ಮುಗಿಸಿ ಹಿಂದಿಂದು ಹಾಕು. ಶ್ಯಾಣ್ಯಾತನ ಮಾಡಬ್ಯಾಡ” ಎಂದ.

ಅವನು ಮಾಡಬೇಡ ಎಂದ ಜಾಣತನವನ್ನೇ ನಾನು ವರ್ಷಗಟ್ಟಲೆ ಕಲಿತು ಬಂದಿದ್ದೆ!

ಎರಡು ಗಿರಣಿ ಎಂದರೆ ಎರಡು ಪ್ರೊಸೆಸರ್. ಎರಡಿರುವಾಗ ಒಂದು ದುಡಿದು ಇನ್ನೊಂದು ಸುಮ್ಮನೆ ಕೂರುವುದು ಮಹಾಪರಾಧ. ಅವಸರದ ಕೆಲಸ ಬಂದರೆ ನಡೆಯುತ್ತಿರುವುದನ್ನು ನಡುವೆಯೇ ತಡೆದು, ಎಲ್ಲಿಗೆ ನಿಂತಿತೆಂದು ಬರೆದಿಟ್ಟು, ಅವಸರದ್ದನ್ನು ಮೊದಲು ನಡೆಸಬೇಕು. ನಿಂತದ್ದನ್ನು ಆಮೇಲೆ ಖಾಲಿಯಿರುವ ಪ್ರೊಸೆಸರಿಗೆ ಕೊಡಬಹುದು. ಆಪರೇಟಿಂಗ್ ಸಿಸ್ಟಮ್ ಮಾಡುವುದು ಇದನ್ನೇ. ಆ ದಿನ ಕಮಲಾಪುರದ ಆಪರೇಟಿಂಗ್ ಸಿಸ್ಟಮ್ ನಾನೇ!

ಸಾಲಿನಲ್ಲಿ ಮೊದಲಿದ್ದ ಸಿದ್ದಣ್ಣನ ಜೋಳ ಅರ್ಧ ಬೀಸಿಯಾಗಿತ್ತು. ನಮಗೆಲ್ಲ ಚಿಕ್ಕಮ್ಮನಂತಿದ್ದ ಓಣಿಯ ಕಾಶಿಬಾಯಿ ಕಾಕು ಓಡಿ ಬಂದಳು. “ತಮ್ಮಾ, ಮಗಳ್ನ ನೋಡಾಕ ಗಂಡಿನ ಕಡಿಯವರು ಬರಾಕತ್ತಾರ. ಹೋಳಿಗಿಗಿ ಈ ಗೋದಿ ಜಲ್ದಿ ಬೀಸಿಕೊಡೋ!”

ಜೋಳ ಇಳಿಸಿ, ಡಬ್ಬಿಯ ಮೇಲೆ ಚೀಟಿ ಇಟ್ಟೆ.

“ನಂದ್ಯಾಕ ತೆಗದಿ?” ಎಂದ ಸಿದ್ದಣ್ಣ.

“ನಿಮ್ಮ ಕೆಲಸವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ.”

“ನನ್ನ ಹೊಟ್ಟಿ ಸ್ಥಗಿತ ಆಗಂಗಿಲ್ಲಲ್ಲೋ!”

ಅಷ್ಟರಲ್ಲಿ ಹಸುಗೂಸಿನ ಗಂಜಿಗೆಂದು ಅಕ್ಕಿ ಬಂತು. ಕೂಸಿಗಿಂತ ಅವಸರ ಯಾರದು? ಕಾಕುವಿನ ಗೋಧಿಯನ್ನೂ ಇಳಿಸಿದೆ. ಅವಸರ ಎಂದರೆ ಮುಂದೆ ಹೋಗಬಹುದೆಂಬ ಸುದ್ದಿ ಹಬ್ಬಿತು. ಎಲ್ಲರಿಗೂ ಅವಸರವಾಯಿತು! ಬೀಸುವುದಕ್ಕಿಂತ ಇಳಿಸಿ ಏರಿಸುವುದೇ ಹೆಚ್ಚಾಯಿತು. ಪಟ್ಟಾದ ಗಾಳಿಗೆ ಚೀಟಿಗಳು ಹಾರಿಹೋದವು.

“ನನ್ನ ಗೋದಿ ಎಲ್ಲಪ್ಪಾ? ಅವ್ರು ಬಂದೇಬಿಟ್ಟಾರ!” ಎಂದು ಕಾಕು ಚೀರಿದಳು.

ಬಲಗಡೆಯ ಗಿರಣಿ ಖಾಲಿ ಕುಳಿತಿತ್ತು. ಕಾಕುವಿನ ಗೋಧಿ ಹುಡುಕಿ ಅದರಲ್ಲಿ ಸುರಿದೇ ಬಿಟ್ಟೆ! ಕ್ಷಣದಲ್ಲಿ ಹಿಟ್ಟು ಬಂತು. ಚೂರು ಕೆಂಪಗಿತ್ತು. ಗೋಧಿ ಒಳ್ಳೆಯ ಜಾತಿಯದು ಎಂದುಕೊಂಡೆ.

ಮಧ್ಯಾಹ್ನ ಅಪ್ಪ ಬಸ್ಸಿಳಿದು ಬರುವುದಕ್ಕೂ ಕಾಕು ಮತ್ತೆ ಓಡಿ ಬರುವುದಕ್ಕೂ ಸರಿಹೋಯಿತು. “ಹೋಳಿಗಿ ಬಾಯಾಗ ಇಟ್ಟು ಎಲ್ಲಾರೂ ಕಣ್ಣೀರು ಹಾಕಾಕತ್ತಾರ! ಹುಡುಗಿಗಿ ಅಡಗಿ ಬರಂಗಿಲ್ಲ, ಈ ಸಂಬಂಧ ಬ್ಯಾಡ ಅಂತ ಎದ್ದು ನಿಂತಾರ!”

ಅಪ್ಪ ಕಾಕುವಿನ ಡಬ್ಬಿಯಿಂದ ಒಂದು ಚಿಟಿಕೆ ಹಿಟ್ಟು ನಾಲಿಗೆಗೆ ಹಚ್ಚಿಕೊಂಡ. ನನ್ನ ಕಡೆ ನೋಡಿದ. “ನಡಿ” ಎಂದ.

ಕಾಕುವಿನ ಮನೆಯಲ್ಲಿ ಗಂಡಿನ ಕಡೆಯವರ ಮುಂದೆ ನಿಂತು, ತಪ್ಪು ಹುಡುಗಿಯದಲ್ಲ, ಖಾರದ ಗಿರಣಿಗೆ ಗೋಧಿ ಹಾಕಿದ ನನ್ನದು ಎಂದು ಪ್ರೊಸೆಸರುಗಳ ಸಮೇತ ವಿವರಿಸಿದೆ. ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಪ್ಪನನ್ನು ಕೇಳಿದಳು: “ಈ ಹುಡುಗಗ ಏನಾಗ್ಯದರಿ?”

“ಪದವಿ ಆಗ್ಯದರಿ” ಎಂದ ಅಪ್ಪ.

ಆಕೆ ನಕ್ಕಳು. ಆಕೆಯ ಹಿಂದೆ ಹುಡುಗನೂ ನಕ್ಕ. ಸಂಬಂಧ ಉಳಿಯಿತು.

ಹೊರಗೆ ಬಂದಾಗ ಅಪ್ಪ ಕೇಳಿದ: “ಒಂದರಾಗಿಂದು ಇನ್ನೊಂದರಾಗ ಹಾಕಿದ್ರ ಹಿಂಗ ಆಗ್ತದಂತ ನಿನ್ನ ಪುಸ್ತಕದಾಗ ಇದ್ದಿಲ್ಲೇನು?”

ಇತ್ತು. ಪ್ರತಿ ಪ್ರೊಸೆಸರಿನಲ್ಲೂ ಹಿಂದಿನ ಕೆಲಸದ ಉಳಿಕೆ ಇರುತ್ತದೆ, ಕೆಲಸವನ್ನು ಕಂಡಕಂಡ ಕಡೆ ಸಾಗಿಸಬಾರದು ಎಂದು ಪರೀಕ್ಷೆಯಲ್ಲಿ ಮೂರು ಪುಟ ಬರೆದು ಪೂರ್ತಿ ಅಂಕ ಪಡೆದಿದ್ದೆ.

“ಆ ಪಾಠ ಇದ್ದಿಲ್ಲಪ್ಪಾ” ಎಂದೆ.