ಮಾವನವರಿಗೆ ಹೌದೆನ್ನುವ ಯಂತ್ರ

ಮದುವೆಯಾದ ಹೊಸತರಲ್ಲಿ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಮಾವನವರು “ನಿಮ್ಮ ಅಭಿಪ್ರಾಯ ಏನ್ರಿ?” ಎಂದರೆ ಅವರು ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ ಎಂದೇ ನಾನು ನಂಬಿದ್ದೆ!

ಮೊದಲ ದೀಪಾವಳಿಯ ಅಳಿಯತನದ ಊಟ. ಮಾವ ನಿಜಲಿಂಗಪ್ಪನವರು ಅನ್ನಕ್ಕೆ ಸಾರು ಕಲಸುತ್ತ ಗಂಭೀರವಾಗಿ ಹೇಳಿದರು: “ಈ ರಾಜಕಾರಣಿಗಳಿಗೂ ಒಂದು ಪ್ರವೇಶ ಪರೀಕ್ಷಾ ಇಡಬೇಕ್ರಿ. ಪಾಸಾದವಗಷ್ಟ ಎಲೆಕ್ಷನ್ ತಿಕೀಟು. ನಿಮ್ಮ ಅಭಿಪ್ರಾಯ ಏನ್ರಿ?”

ನಾನು ಉತ್ಸಾಹದಿಂದ, “ಪರೀಕ್ಷಾ ಇಟ್ರ ಮೊದಲ ಪ್ರಶ್ನೆಪತ್ರಿಕೆ ಸೋರತಾವ್ರಿ ಮಾವಾರ. ಆಮ್ಯಾಲ ಎಲ್ಲಾರೂ ಫಸ್ಟ್ ಕ್ಲಾಸಿನ್ಯಾಗ ಪಾಸಾಗತಾರ!” ಎಂದೆ.

ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ನನ್ನ ತಟ್ಟೆಯ ಕಡೆಗೆ ಎರಡನೇ ಹೋಳಿಗೆ ಹಿಡಿದು ಬರುತ್ತಿದ್ದ ಅತ್ತೆ ಕಲ್ಲವ್ವನವರ ಕೈ, ಇಳಿಯಲು ಅನುಮತಿ ಸಿಗದ ವಿಮಾನದಂತೆ ಗಾಳಿಯಲ್ಲೇ ಒಂದು ಸುತ್ತು ಹಾಕಿ ಅಡುಗೆಮನೆಗೆ ಹೊರಟುಹೋಯಿತು.

ಮನೆಗೆ ಬರುವಾಗ ಹೆಂಡತಿ ಮಾಧುರಿ ಪಾಠ ಮಾಡಿದಳು. “ಅಪ್ಪಾ ಅಭಿಪ್ರಾಯ ಕೇಳಿದ್ರ ಹೌದ್ರಿ ಅನ್ನಬೇಕು.”

“ಮತ್ತ ಕೇಳೂದ್ಯಾಕ?”

“ನೀವು ಹೌದ್ರಿ ಅನ್ನಲಿ ಅಂತ!”

ಸತ್ಯ ಗೊತ್ತಾಯಿತು. ನಮ್ಮ ಕಡೆ ಅಳಿಯನಿಗೆ ಹೋಳಿಗೆ, ತುಪ್ಪ, ಟವಲು, ಟೊಪ್ಪಿಗೆ ಎಲ್ಲವನ್ನೂ ಕೊಡುತ್ತಾರೆ. ಜೊತೆಗೆ ಅಭಿಪ್ರಾಯವನ್ನೂ ಅವರೇ ಕೊಡುತ್ತಾರೆ. ನಾವು ಅದನ್ನು ಉಟ್ಟು ತೋರಿಸಿದರಾಯಿತು!

ಮಾವನವರು ಪುಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ಈಗ ಹಡಪಸರದಲ್ಲಿ, ನಮ್ಮ ಮನೆಯಿಂದ ಎರಡೇ ಗಲ್ಲಿ ಆಚೆ ಇದ್ದಾರೆ. ಕಚೇರಿ ಅವರನ್ನು ಬಿಟ್ಟಿದೆ. ಅವರು ಕಚೇರಿಯನ್ನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತರೆಂದರೆ ನನ್ನ ಮೊಬೈಲು ಟಣ್ ಎನ್ನುತ್ತದೆ. ‘ತಾಮ್ರದ ತಂಬಿಗೆಯಲ್ಲಿ ಮೊಬೈಲ್ ಇಟ್ಟರೆ ಅದರ ಕಿರಣಗಳು ತಣ್ಣಗಾಗುತ್ತವೆ.’ ‘ಪ್ರೋಗ್ರಾಮ್ ಬರೆಯಲು ಕನ್ನಡವೇ ಅತ್ಯಂತ ಯೋಗ್ಯ ಭಾಷೆ ಎಂದು ಪರದೇಶದ ವಿಜ್ಞಾನಿಗಳು ಒಪ್ಪಿದ್ದಾರೆ.’ ಪ್ರತಿಯೊಂದರ ಕೊನೆಗೂ ತಪ್ಪದೆ ಒಂದು ಸಾಲು: ‘ಸದರಿ ವಿಷಯದಲ್ಲಿ ತಮ್ಮ ಅಭಿಪ್ರಾಯ ಕಳಿಸುವುದು.’

ಒಂಬತ್ತರೊಳಗೆ ಉತ್ತರ ಹೋಗದಿದ್ದರೆ ‘ಸ್ಮರಣಪತ್ರ ಕ್ರಮಾಂಕ ೧’. ಹತ್ತಕ್ಕೆ ಕ್ರಮಾಂಕ ೨. ಹನ್ನೊಂದಕ್ಕೆ ಮೂರನೆಯದು ಮಾಧುರಿಗೆ ಹೋಗುತ್ತಿತ್ತು, ‘ಮಾಹಿತಿಗಾಗಿ ಪ್ರತಿ’ ಎಂದು!

ನನ್ನ ಆಫೀಸು ಯೆರವಡಾದಲ್ಲಿ. (ಹೀಗೆಂದರೆ ಊರಿನ ಕಡೆಯವರು ಗಾಬರಿಯಾಗುತ್ತಾರೆ. ಜೈಲಿನಲ್ಲಲ್ಲ, ಅದರ ಆಚೆಗೆ.) ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಪರರ ತಪ್ಪಿನಿಂದ ಹೊಟ್ಟೆ ಹೊರೆಯುವ ಇಂಥ ಪುಣ್ಯವಂತನಾದ ನಾನು ಒಂದು ಭಾನುವಾರ ಚಹಾ ಲೋಟ ಎತ್ತಿ ಹಿಡಿದು ಘೋಷಿಸಿದೆ: “ಮಾಧುರೀ! ಮನುಷ್ಯಾ ಚಂದ್ರನ ಮ್ಯಾಲ ಇಳದಾನ. ನಿಮ್ಮಪ್ಪನ ಸ್ಮರಣಪತ್ರದಿಂದ ಪಾರಾಗೂದು ನನ್ನ ಕೈಲೆ ಆಗೂದಿಲ್ಲೇನು? ಇವತ್ತ ಒಂದು ಯಂತ್ರ ಕಟ್ಟತೀನಿ!”

“ಮೊದಲ ಮಿಕ್ಸರ್ ರಿಪೇರಿ ಮಾಡ್ರಿ. ಅದೂ ಯಂತ್ರನ,” ಎಂದಳು ಮಾಧುರಿ.

ಮಹಾಪುರುಷರಿಗೆ ಮನೆಯಲ್ಲಿ ಬೆಲೆ ಎಲ್ಲಿಯದು! ಸಂಜೆಯೊಳಗೆ ಯಂತ್ರ ಸಿದ್ಧವಾಯಿತು. ಹೆಸರು ‘ಹೌದಪ್ಪ’. ಮಾವನವರ ನಂಬರಿನಿಂದ ಏನೇ ಬರಲಿ, ಹೌದಪ್ಪ ಅದನ್ನು ಓದಿ, ನನ್ನ ಹೆಸರಿನಲ್ಲಿ, ನಮ್ಮ ಕಡೆಯ ಮಾತಿನಲ್ಲೇ ಉತ್ತರ ಕಳಿಸಬೇಕು. ಒಳಗೆ ಇರುವ ಕೃತಕ ಬುದ್ಧಿಗೆ ನಾನು ಕೊಟ್ಟ ಅಪ್ಪಣೆ ಒಂದೇ ಸಾಲು: ‘ಏನೇ ಹೇಳಿದರೂ ಗೌರವದಿಂದ ಒಪ್ಪಿಕೊ, ಪುಷ್ಟಿಗೆ ಒಂದು ಉದಾಹರಣೆ ಸೇರಿಸು.’

ಮರುದಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಬೆಂಗಳೂರಿನ ಹರ್ಷನಿಗೆ ಹೇಳಿಕೊಂಡೆ. ಅವನು ಕೇಳಿದ, “ಸೂಪರ್ ಗುರು! ಟೆಸ್ಟ್ ಮಾಡಿದ್ಯಾ?”

“ಟೆಸ್ಟ್ ಯಾಕೋ? ಬರೆದವನು ನಾನು!”

ಹತ್ತು ವರ್ಷದಿಂದ ಇದೇ ಮಾತು ಹೇಳಿದ ಎಲ್ಲರನ್ನೂ ನಾನು ಮೀಟಿಂಗಿನಲ್ಲಿ ಹರಾಜು ಹಾಕಿದ್ದೇನೆ.

ಮೂರು ವಾರ ನನ್ನ ಬಾಳು ಬಂಗಾರ! ಒಂದು ಸ್ಮರಣಪತ್ರವಿಲ್ಲ. ಮಾವನ ಮನೆಯಲ್ಲಿ ನನ್ನ ತಟ್ಟೆಗೆ ಮೂರನೇ ಹೋಳಿಗೆ ಬಂದಿಳಿಯತೊಡಗಿತು. ಸಣ್ಣ ತೊಡಕೆಂದರೆ, ‘ನಾನು’ ಬರೆದದ್ದನ್ನು ನಾನೇ ಓದಿರುತ್ತಿರಲಿಲ್ಲ.

“ಅಳಿಯಂದಿರ, ಬುಧವಾರ ನೀವು ಬರದದ್ದು ಮನಸಿಗೆ ಹತ್ತಿತು ನೋಡ್ರಿ,” ಎಂದರು ಮಾವನವರು ಒಮ್ಮೆ.

“ಬುಧವಾರದ್ದೇನ್ರಿ? ಅದು... ಹಂಗ ಸುಮ್ನ ಹೊಳೀತ್ರಿ.”

“ಸುಮ್ನ ಹೊಳಿಯೂ ಮಾತಲ್ರಿ ಅದು! ತೂಕ ಅದ!”

ನಾನು ವಿನಯದಿಂದ ತಲೆ ತಗ್ಗಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಾಧುರಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಮೇಲೆ ಬಂತು ಆ ಗುರುವಾರ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದೆ, ಮಾಧುರಿಯ ಫೋನು. ಈ ಸಲ ದನಿಯಲ್ಲಿ ನಗು ಇರಲಿಲ್ಲ.

“ಅಪ್ಪಾ ಕಣ್ಣಿನ ಆಪರೇಷನ್ ಒಲ್ಲೆ ಅಂತ ದವಾಖಾನಿಗೆ ಫೋನ್ ಮಾಡಿ ಹೇಳ್ಯಾರ!”

ಮಾವನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಇನ್ನು ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೋದ ತಿಂಗಳು ಹಡಪಸರದ ರಸ್ತೆ ದಾಟುವಾಗ ಬರುವ ರಿಕ್ಷಾ ಕಾಣದೆ, ಕೂದಲೆಳೆಯಲ್ಲಿ ಉಳಿದಿದ್ದರು. ಆರು ತಿಂಗಳು ಕಾಡಿ, ಬೇಡಿ, ಅತ್ತು, ಮಾಧುರಿ ಅವರನ್ನು ಒಪ್ಪಿಸಿದ್ದಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಆಪರೇಷನ್.

“ಯಾಕ? ಏನಾತು?”

“ಏನಾತು ಅಂತ ನನ್ನ ಕೇಳತೀರಿ? ‘ಅಳಿಯಂದಿರು ಇಂಜಿನಿಯರ್ ಅದಾರ, ಅವರ ಬ್ಯಾಡ ಅಂದಾರ’ ಅಂತಾರ! ಓದ್ರಿ, ಮುಂಜಾನೆ ನೀವು ಏನು ಬರದೀರಿ ಅಂತ ಒಮ್ಮೆರೆ ಓದ್ರಿ!”

ಓದಿದೆ. ಮಾವನವರು ಕಳಿಸಿದ್ದು: ‘ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರೆ ಕಣ್ಣಿನ ಪೊರೆ ತಾನಾಗಿ ಕರಗುತ್ತದೆ, ಶಸ್ತ್ರಕ್ರಿಯೆ ಅನಗತ್ಯ. ತಮ್ಮ ಅಭಿಪ್ರಾಯ ಕಳಿಸುವುದು.’ ಕೆಳಗೆ ನನ್ನ ಹೆಸರಿನಲ್ಲಿ ಹೌದಪ್ಪನ ಉತ್ತರ: ‘ನೂರಕ್ಕೆ ನೂರು ಖರೆ ಮಾವಾರ! ಆಕಳಾ ದಿನಾ ಹುಲ್ಲಿನ ಮ್ಯಾಲ ಅಡ್ಡಾಡತದ. ಅದು ಕಣ್ಣಿಗೆ ಚಾಳೀಸು ಹಾಕ್ಕೊಂಡದ್ದು ಎಲ್ಲೆರೆ ನೋಡೀರೇನ್ರಿ?’

“ಒಂದು ತಾಸು ಟೈಮ್ ಕೊಡು, ಸರಿ ಮಾಡತೀನಿ,” ಎಂದೆ.

“ಏನೂ ಶಾಣ್ಯಾತನ ಮಾಡಬ್ಯಾಡ್ರಿ. ಹೋಗಿ ಖರೆ ಹೇಳ್ರಿ.”

ಖರೆ ಹೇಳುವುದೇ! ಇಂಜಿನಿಯರಿಗೆ ಅದು ಕಟ್ಟಕಡೆಯ ಉಪಾಯ. ನಾನು ಹೌದಪ್ಪನ ಅಪ್ಪಣೆಯನ್ನೇ ತಿರುಗಿಸಿದೆ: ‘ಇನ್ನು ಮುಂದೆ ಏನೇ ಹೇಳಿದರೂ ಒಪ್ಪಬೇಡ. ಪುರಾವೆ ಕೇಳು.’ ಮಾವನವರು ಮತ್ತೊಮ್ಮೆ ಹುಲ್ಲಿನ ಮಾತೆತ್ತಲಿ, ಯಂತ್ರವೇ ಅವರನ್ನು ದಾರಿಗೆ ತರುತ್ತದೆ! ಮೀಸೆ ತಿರುವಿಕೊಂಡು ಡಬ್ಬಿ ಮುಗಿಸಿದೆ.

ಆದರೆ ಅತ್ತೆಯವರಿಗೆ ಸ್ವಂತ ಫೋನಿಲ್ಲ, ಮಾವನವರದನ್ನೇ ಬಳಸುತ್ತಾರೆ. ಆ ಹೊತ್ತಿಗೆ ಅವರು ಪ್ರೀತಿಯಿಂದ ಕಳಿಸಿದ್ದರು: ‘ಶೇಂಗಾ ಹೋಳಿಗಿ ಮಾಡೀನಿ. ಭಾಳ ಛಲೋ ಆಗ್ಯಾವ. ಸಂಜಿಕ್ಕ ಬಂದು ಹೋಗ್ರಿ. ಕಲ್ಲವ್ವ.’

ಉತ್ತರ ಹೋಗಿತ್ತು: ‘ಈ ಮಾತು ನಾನು ಒಪ್ಪೂದಿಲ್ರಿ. ಛಲೋ ಆಗ್ಯಾವ ಅನ್ನಾಕ ನಿಮ್ಮ ಹಂತ್ಯಾಕ ಪುರಾವೆ ಏನದ?’

ಮಾಧುರಿಯ ಎರಡನೇ ಫೋನು ಬಂತು. ಅದರಲ್ಲಿ ಇದ್ದದ್ದು ಎರಡೇ ಶಬ್ದ: “ಹೊರಡ್ರಿ. ಈಗಿಂದೀಗ.”

ರಿಕ್ಷಾದಲ್ಲಿ ಕೂತು ಮೊದಲು ಹೌದಪ್ಪನನ್ನು ಹಳೆಯ ಸ್ವಭಾವಕ್ಕೆ ತಂದೆ. ಯೆರವಡಾದಿಂದ ಹಡಪಸರ ಮುಟ್ಟುವಷ್ಟರಲ್ಲಿ ಹನ್ನೆರಡು ಬಗೆಯ ಕ್ಷಮಾಪಣೆ ರಚಿಸಿದ್ದೆ. ಟ್ರಾಫಿಕ್ ಅಷ್ಟು ಅವಕಾಶ ಕೊಟ್ಟಿತು. ಬಾಗಿಲು ತೆರೆದ ಅತ್ತೆಯವರು ಒಂದು ತಂಬಿಗೆ ನೀರು ತಂದು ಟಕ್ ಎಂದು ಇಟ್ಟರು. ಪಡಸಾಲೆಯಲ್ಲಿ ಮಾವನವರು ಕೂತಿದ್ದರು. ತೊಡೆಯ ಮೇಲೆ ಲಾಡಿ ಕಟ್ಟುವ ಕಡತ. ಪಕ್ಕದಲ್ಲಿ ಮಾಧುರಿ, ಕಣ್ಣು ಕೆಂಪು.

“ಮಾವಾರ, ನಿಮಗ ಉತ್ತರ ಬರಿಯಾಕ ಹತ್ತಿದ್ದು ನಾನಲ್ರಿ,” ಎಂದೆ ಒಂದೇ ಉಸಿರಿನಲ್ಲಿ. “ಅದೊಂದು ಯಂತ್ರ.”

ಮಾವನವರು ನಕ್ಕರು. “ಚ್ಯಾಷ್ಟಿ ಮಾಡಬ್ಯಾಡ್ರಿ. ಯಂತ್ರಕ್ಕ ಇಷ್ಟು ಚಂದ ವಿಚಾರ ಬರತಾವೇನು?”

“ಬೇಕಾರ ಪರೀಕ್ಷಾ ಮಾಡ್ರಿ! ನನ್ನ ಮೊಬೈಲ್ ಇಲ್ಲೇ ಮೇಜಿನ ಮ್ಯಾಲ ಇಡತೀನಿ. ಮುಟ್ಟೂದಿಲ್ಲ. ಏನು ಬೇಕು ಅದನ್ನ ಕಳಸ್ರಿ.”

ಮಾವನವರು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ತಡವುತ್ತ ಬರೆದರು: ‘ಭೂಮಿ ದುಂಡಗದ.’

ಟಣ್! ‘ನೂರಕ್ಕೆ ನೂರು ಖರೆ ಮಾವಾರ! ರೊಟ್ಟಿ ಹಂಚಿನ್ಯಾಗ ದುಂಡಗ ಇರತದಲ್ರಿ, ಹಂಗ.’

ಹುಬ್ಬು ಗಂಟಾಯಿತು. ಮತ್ತೆ ಬರೆದರು: ‘ಭೂಮಿ ಚಪ್ಪಟಿ ಅದ.’

ಟಣ್! ‘ನೂರಕ್ಕೆ ನೂರು ಖರೆ ಮಾವಾರ! ದುಂಡಗ ಇದ್ದಿದ್ರ ಹಡಪಸರದ ನೀರೆಲ್ಲಾ ಸೋರಿ ಹೋಗತಿದ್ವು.’

ಮಾವನವರು ನನ್ನ ಮುಖ ನೋಡಿದರು. ನೋಡಿದರೋ, ನನ್ನ ಮುಖ ಇರಬಹುದಾದ ಕಡೆಗೆ ನೋಡಿದರೋ. ಆಮೇಲೆ ತುಸು ಹೆಚ್ಚೇ ಹೊತ್ತು ತೆಗೆದುಕೊಂಡು ಬರೆದರು: ‘ನನ್ನ ಅಳಿಯಾ ಶುದ್ಧ ದಡ್ಡ ಅದಾನ.’

ನಾನು ಮೊಬೈಲಿಗೆ ಕೈ ಹಾಕಿದೆ. ಮಾಧುರಿ ಪಟ್ಟನೆ ಕೈ ಹಿಡಿದಳು. “ಮುಟ್ಟೂದಿಲ್ಲ ಅಂದೀರಿ!”

ಟಣ್! ‘ನೂರಕ್ಕೆ ನೂರು ಖರೆ ಮಾವಾರ! ನಾನೂ ಭಾಳ ದಿವಸದಿಂದ ನೋಡಾಕ ಹತ್ತೀನ್ರಿ. ಮೊನ್ನೆ ಮಿಕ್ಸರ್ ಬಿಚ್ಚಿದವ ಇನ್ನೂ ಜೋಡಿಸಿಲ್ಲ.’

“ಮಿಕ್ಸರ್ ಸುದ್ದಿ ಇದಕ್ಕ ಯಾರು ಹೇಳಿದ್ರು?” ಎಂದು ಕೂಗಿದೆ.

“ನಾನ ಅಪ್ಪಾಗ ಬರದಿದ್ದೆ. ಅವರು ನಿಮಗ ಕಳಿಸಿ, ‘ಅಭಿಪ್ರಾಯ ಕಳಿಸುವುದು’ ಅಂದಿದ್ರು,” ಎಂದಳು ಮಾಧುರಿ. ಅಡುಗೆಮನೆಯಿಂದ ಅತ್ತೆಯವರ ನಗು ಕೇಳಿತು. ಹೋಳಿಗೆಯ ಸಿಟ್ಟು ಇಳಿದದ್ದು ಹೀಗೆ, ನನ್ನ ಮಾನದ ಮೇಲೆ ಕಾಲಿಟ್ಟು!

ಮಾವನವರು ಮಾತ್ರ ನಗಲಿಲ್ಲ. ಕಡತದ ಲಾಡಿ ಬಿಚ್ಚಿದರು. ಮೂರು ವಾರದ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆಸಿ, ಅಂಚಿಗೆ ತೂತು ಹಾಕಿ, ಪುಟಕ್ಕೆ ಸಂಖ್ಯೆ ಕೊಟ್ಟು ಇಟ್ಟಿದ್ದರು. ಮೇಲೆ ದಪ್ಪ ಅಕ್ಷರ: ‘ಅಳಿಯಂದಿರ ವಿಚಾರಗಳು’.

“ಹಂಗಾರ ಇವು ಯಾವೂ ನಿಮ್ಮವಲ್ಲೇನ್ರಿ?”

“ಅಲ್ರಿ.”

“ಆಕಳ ಚಾಳೀಸಿಂದು?”

“ಅದೂ ಅಲ್ರಿ.”

“ಅದು ಛಲೋ ಇತ್ತು,” ಎಂದರು ಸಣ್ಣಗೆ. ನನ್ನ ಹನ್ನೆರಡು ಕ್ಷಮಾಪಣೆಗಳಲ್ಲಿ ಈ ಮಾತಿಗೆ ಹೊಂದುವಂಥದು ಒಂದೂ ಇರಲಿಲ್ಲ. ದಿನಾ ಬೆಳಿಗ್ಗೆ ಯಾರೋ ಒಬ್ಬರು ತನ್ನ ಮಾತು ಓದುತ್ತಾರೆ ಎಂದು ನಂಬಿ, ಈ ಮಂಜುಗಣ್ಣಿನಲ್ಲಿ ತಡವಿ ತಡವಿ ಬರೆದಿದ್ದರಲ್ಲ ಈ ಮನುಷ್ಯ!

ಕಡತ ಮುಚ್ಚಿ ಅವರು ನೆಟ್ಟಗೆ ಕೂತರು. “ಆತು. ಈಗ ನಿಮ್ಮ ಸ್ವಂತ ಅಭಿಪ್ರಾಯ ಹೇಳ್ರಿ.”

ನಾಲ್ಕು ವರ್ಷದ ಅಳಿಯತನವನ್ನು ಪಕ್ಕಕ್ಕೆ ಸರಿಸಿ ತಂಬಿಗೆ ಎತ್ತಿದೆ. ನೀರು ಕುಡಿದೆ. “ನೀವು ಕಳಿಸಿದ್ದು ಪೂರಾ ತಪ್ಪು ಅದ್ರಿ ಮಾವಾರ. ಹುಲ್ಲಿನ ಮ್ಯಾಲ ಅಡ್ಡಾಡಿದ್ರ ಕಾಲು ಹಸಿ ಆಗತಾವು, ಅಷ್ಟ. ನಾಳೆ ಆಪರೇಷನ್ ಮಾಡಿಸ್ಕೋರಿ. ನಾನು ರಜಾ ಹಾಕಿ ಬಾಗಲದಾಗ ಕೂಡತೀನಿ.”

ಮಾವನವರು ಕಡತದ ಲಾಡಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಕಣ್ಣಾಗ ಕತ್ರಿ ಹಾಕತಾರಂದ್ರ ಅಂಜಿಕಿ ಬರತದ್ರಿ,” ಎಂದರು ಕೊನೆಗೆ. “ಬ್ಯಾಡ ಅನ್ನವ್ರು ಒಬ್ಬರರೆ ಸಿಗತಾರೇನು ಅಂತ ಹುಡುಕಾಕ ಹತ್ತಿದ್ದೆ.”

ಮಾಧುರಿ ಹೋಗಿ ಅವರ ಪಕ್ಕಕ್ಕೆ ಒರಗಿ ಕೂತಳು. ಅವಳ ತಲೆ ಸವರುತ್ತಲೇ ಮಾವನವರ ಗುಮಾಸ್ತಿಕೆ ಮರಳಿ ಬಂತು. “ಬಾಯಿಮಾತು ನಡಿಯೂದಿಲ್ರಿ ಅಳಿಯಂದಿರ. ಬರದು ಕೊಡ್ರಿ. ಕೆಳಗ ಸಹಿ, ತಾರೀಖು. ಫೈಲಿಗೆ ಹಚ್ಚತೀನಿ.”

ಬರೆದುಕೊಟ್ಟೆ. ‘ಶಸ್ತ್ರಕ್ರಿಯೆ’ ಎನ್ನುವುದನ್ನು ಎರಡು ಸಲ ತಪ್ಪು ಬರೆದೆ. ಅತ್ತೆಯವರು ದವಾಖಾನೆಗೆ ತಾವೇ ಫೋನು ಮಾಡಿ, ಮರಾಠಿಯಲ್ಲಿ ಜಬರಿಸಿ, ಅದೇ ಎಂಟು ಗಂಟೆಯ ಹೊತ್ತನ್ನು ಮರಳಿ ಪಡೆದರು.

ಆಪರೇಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಒಳಗೆ ಹೋಗುವಾಗ ಮಾವನವರು ನನ್ನ ಮಣಿಕಟ್ಟು ಹಿಡಿದದ್ದು ಹೇಗಿತ್ತೆಂದರೆ, ಎರಡು ದಿನ ಗಡಿಯಾರ ಕಟ್ಟಲಾಗಲಿಲ್ಲ. ಮರುದಿನ ಪಟ್ಟಿ ಬಿಚ್ಚಲು ಎಲ್ಲರೂ ಸುತ್ತ ನಿಂತೆವು. ನರ್ಸಮ್ಮ ಮುಂದೆ ಕೈ ಆಡಿಸಿ, “ಆಜೋಬಾ, ಬೋಟಂ ಕಿತಿ?” ಎಂದು ಬೆರಳೆಷ್ಟೆಂದು ಕೇಳಿದಳು.

“ದೋನ್,” ಎಂದು ಎರಡೂ ಬೆರಳನ್ನು ಸರಿಯಾಗಿ ಎಣಿಸಿದರು ಮಾವನವರು. ಬಲಗಣ್ಣು ನೀರು ತುಂಬಿ ಹೊಳೆಯುತ್ತಿತ್ತು. ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರದ ತಿಥಿಯನ್ನು ಓದಿದರು. ಮಾಧುರಿಯ ಕಡೆ ತಿರುಗಿ, “ಯವ್ವಾ, ಎಷ್ಟು ಸೊರಗೀಯೇ!” ಎಂದರು. ಅತ್ತೆಯವರನ್ನು ದಿಟ್ಟಿಸಿ, “ಕೂದಲಾ ಯಾವಾಗ ಬೆಳ್ಳಗಾದ್ವು?” ಎಂದು ಕೇಳಿದರು. ಅತ್ತೆಯವರು ನಾಚಿ ಸೆರಗು ಹೊದ್ದರು.

ನನ್ನ ಎದೆಯೂ ಉಬ್ಬಿತು. ಈ ಬೆಳಕು ಮರಳಿದ್ದು ನನ್ನ ಒಂದು ಧೀರ ಅಭಿಪ್ರಾಯದಿಂದಲ್ಲವೆ! ಕೂದಲು ಸರಿಪಡಿಸಿಕೊಂಡು, ಕಿಟಕಿಯ ಬೆಳಕು ಮುಖದ ಮೇಲೆ ಸರಿಯಾಗಿ ಬೀಳುವಂತೆ ನಿಂತು, ಬಾಯಿ ಬಿಟ್ಟು ಕೇಳಿಯೇಬಿಟ್ಟೆ:

“ಮಾವಾರ, ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ, ಖರೆ ಹೇಳ್ರಿ. ಈಗ ನಾನು ಹೆಂಗ ಕಾಣತೀನಿ?”

ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಮುಡಿಯಿಂದ ಅಡಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದರು.

“ಈ ಆಪರೇಷನ್ ಮೊದಲ ಮಾಡಿಸ್ಕೊಂಡು, ಆಮ್ಯಾಲ ವರಾ ನೋಡಾಕ ಬರಬೇಕಾಗಿತ್ತು!”